ಗರ್ಭಕೋಶ ತೆಗೆಸಿದರೆ ಹಾರ್ಮೋನ್ ಕಾಟ ಮುಗಿಯುತ್ತದೆಯೇ? ಮುಟ್ಟಿನ ಲೆಕ್ಕ ಇಡುವುದು ಮಿದುಳು

"ಮಕ್ಕಳಾದ ಮೇಲೆ ಗರ್ಭಕೋಶದಿಂದ ಏನೂ ಪ್ರಯೋಜನವಿಲ್ಲ, ಇಟ್ಟುಕೊಂಡರೆ ಕ್ಯಾನ್ಸರ್." "ಗರ್ಭಕೋಶ ತೆಗೆಸಿದರೆ ಹಾರ್ಮೋನ್ ಸಮಸ್ಯೆ ಬುಡದಿಂದಲೇ ಹೋಗುತ್ತದೆ." "ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡರೆ ಹಾರ್ಮೋನ್ ಕೆಡುತ್ತದೆ." ಇಂಥ ಅರ್ಥದ ಸಂದೇಶಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷವಿಡೀ ಸುತ್ತುತ್ತಿರುತ್ತವೆ. ಮೂರರಲ್ಲೂ ಇರುವ ತಪ್ಪು ಒಂದೇ. ಹಾರ್ಮೋನ್ ಎಲ್ಲಿ ಹುಟ್ಟುತ್ತದೆ, ಅದನ್ನು ಹೆಚ್ಚು ಕಡಿಮೆ ಮಾಡುವವರು ಯಾರು ಎಂಬುದು ಈ ಸಂದೇಶ ಬರೆದವರಿಗೆ ಗೊತ್ತಿಲ್ಲ.

ರಕ್ತ ಬರುವುದು ಗರ್ಭಕೋಶದಿಂದ, ನಿಜ. ಆದರೆ ಅದು ಯಾವಾಗ ಬರಬೇಕು, ಎಷ್ಟು ಬರಬೇಕು ಎಂಬ ಲೆಕ್ಕ ಇಡುವುದು ಗರ್ಭಕೋಶವಲ್ಲ. ಆ ಲೆಕ್ಕ ನಡೆಯುವುದು ಮಿದುಳು ಮತ್ತು ಅಂಡಾಶಯಗಳ ನಡುವೆ. ಅಂಡಾಶಯದಿಂದ ಮಿದುಳಿಗೆ ವರದಿ ಒಯ್ಯುವ ಹಾರ್ಮೋನಿನ ಹೆಸರು ಈಸ್ಟ್ರೋಜೆನ್. ಈ ಒಂದು ಸಂಗತಿ ಅರ್ಥವಾದರೆ ಮೇಲಿನ ಮೂರೂ ಸಂದೇಶಗಳನ್ನು ನೀವೇ ಪರೀಕ್ಷಿಸಬಹುದು. ಹಾವೇರಿ ಜಿಲ್ಲೆಯವರಿಗಂತೂ ಇದು ಬರೀ ಪಠ್ಯಪುಸ್ತಕದ ವಿಷಯವಲ್ಲ.

ರಾಣೆಬೆನ್ನೂರು ಯಾಕೆ ಸುದ್ದಿಯಾಯಿತು?

2014ರಿಂದ 2017ರ ನಡುವೆ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶ ತೆಗೆಯಲಾಗಿದೆ, ಅವುಗಳಲ್ಲಿ ಬಹಳಷ್ಟು ಶಸ್ತ್ರಚಿಕಿತ್ಸೆಗಳ ಅಗತ್ಯವೇ ಇರಲಿಲ್ಲ ಎಂಬ ಆರೋಪ ಕೇಳಿಬಂತು. ಹೀಗೆ ಆಪರೇಷನ್ ಆದವರಲ್ಲಿ ತಾಂಡಾಗಳ ಲಂಬಾಣಿ ಮಹಿಳೆಯರು ಹೆಚ್ಚಿನವರು. ಅವರು ಬೀದಿಗಿಳಿದು ತನಿಖೆ ಮತ್ತು ಪರಿಹಾರ ಕೇಳಿದರು. ಅದೇ ದಶಕದಲ್ಲಿ ಕಲಬುರಗಿ ಜಿಲ್ಲೆಯಲ್ಲೂ ಇಂಥದೇ ಆರೋಪ ಎದ್ದಿತ್ತು. ಅಲ್ಲಿ ಬೆರಳು ತೋರಿಸಿದ್ದು ಖಾಸಗಿ ಆಸ್ಪತ್ರೆಗಳ ಕಡೆಗೆ.

ಇದು ಕರ್ನಾಟಕದ ಸಮಸ್ಯೆ ಮಾತ್ರವೂ ಅಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಪ್ರತಿ 100 ಮಹಿಳೆಯರಲ್ಲಿ ಸುಮಾರು 3 ಜನರ ಗರ್ಭಕೋಶ ತೆಗೆಯಲಾಗಿತ್ತು. ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮೂರನೇ ಎರಡರಷ್ಟು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಅರ್ಧಕ್ಕಿಂತ ಹೆಚ್ಚು ಮಹಿಳೆಯರು ಕೊಟ್ಟ ಕಾರಣ: ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ ಅಥವಾ ನೋವು.

ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತ ಅವರು ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದಿತು.

ಹಾಗಂತ ಗರ್ಭಕೋಶ ತೆಗೆಯುವ ಎಲ್ಲ ಶಸ್ತ್ರಚಿಕಿತ್ಸೆಯೂ ತಪ್ಪಲ್ಲ. ಕ್ಯಾನ್ಸರ್, ದೊಡ್ಡ ಗಡ್ಡೆಗಳು, ಯಾವ ಔಷಧಕ್ಕೂ ಬಗ್ಗದ ರಕ್ತಸ್ರಾವ, ಹೆರಿಗೆಯ ಹೊತ್ತಿನ ಅಪಾಯ ಇಂಥ ಸಂದರ್ಭಗಳಲ್ಲಿ ಅದು ಜೀವ ಉಳಿಸುತ್ತದೆ. ಪ್ರಶ್ನೆ ಇರುವುದು ಉಳಿದ ಪ್ರಕರಣಗಳ ಬಗ್ಗೆ. ಅದಕ್ಕೆ ಉತ್ತರ ಬೇಕಾದರೆ ಮೊದಲು ಮುಟ್ಟು ಹೇಗೆ ನಡೆಯುತ್ತದೆ ಎಂದು ನೋಡಬೇಕು.

ಆದೇಶ ಎಲ್ಲಿಂದ ಬರುತ್ತದೆ?

ಮೂರು ಜಾಗಗಳನ್ನು ನೆನಪಿಡಿ.

ಮೊದಲನೆಯದು ಹೈಪೊಥಲಾಮಸ್. ಮಿದುಳಿನ ತಳಭಾಗದಲ್ಲಿರುವ ಚಿಕ್ಕ ಪ್ರದೇಶ. ಹಸಿವು, ನಿದ್ದೆ, ಮೈಬಿಸಿ ಎಲ್ಲದರ ಉಸ್ತುವಾರಿ ಇದರದ್ದು. ಇಲ್ಲಿರುವ ಒಂದೆರಡು ಸಾವಿರ ನರಕೋಶಗಳು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತವೆ. ಕೋಟಿಗಟ್ಟಲೆ ನರಕೋಶಗಳಿರುವ ಮಿದುಳಿನಲ್ಲಿ ಇದು ಒಂದು ಹಿಡಿಯೂ ಅಲ್ಲ.

ಎರಡನೆಯದು ಪಿಟ್ಯುಟರಿ. ಹೈಪೊಥಲಾಮಸ್‌ನ ಕೆಳಗೆ ಬಟಾಣಿ ಕಾಳಿನಷ್ಟು ದೊಡ್ಡದಾದ ಗ್ರಂಥಿ. ಮೇಲಿಂದ ಜಿಎನ್‌ಆರ್‌ಎಚ್ ಬಂದಾಗ ಇದು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ.

ಮೂರನೆಯದು ಅಂಡಾಶಯ. ಗರ್ಭಕೋಶದ ಎರಡೂ ಬದಿಗೆ ಒಂದೊಂದು ಇರುತ್ತದೆ. ಎಫ್‌ಎಸ್‌ಎಚ್ ಬಂದಾಗ ಇದರೊಳಗಿನ ಫಾಲಿಕಲ್ ಎಂಬ ಪುಟ್ಟ ಚೀಲಗಳು ಬೆಳೆಯುತ್ತವೆ. ಬೆಳೆಯುತ್ತಾ ಈಸ್ಟ್ರೋಜೆನ್ ತಯಾರಿಸುತ್ತವೆ. ಆ ಚೀಲದೊಳಗೇ ಅಂಡಾಣು ಇರುವುದು.

ಹಾಗಾದರೆ ಗರ್ಭಕೋಶ? ಅದು ಈ ಸರಪಳಿಯಲ್ಲಿ ಆದೇಶ ಕೊಡುವ ಜಾಗವಲ್ಲ, ಪಾಲಿಸುವ ಜಾಗ. ಈಸ್ಟ್ರೋಜೆನ್ ಬಂದರೆ ಅದರ ಒಳಪದರ ದಪ್ಪವಾಗುತ್ತದೆ. ಪ್ರೊಜೆಸ್ಟೆರಾನ್ ಬಂದರೆ ಆ ಪದರ ಹದಕ್ಕೆ ಬರುತ್ತದೆ. ಎರಡೂ ಇಳಿದರೆ ಪದರ ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಅದೇ ಮುಟ್ಟು.

ಟ್ಯಾಂಕಿನ ಫ್ಲೋಟ್ ಮಾಡುವ ಕೆಲಸ

ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಫ್ಲೋಟ್ ಹಾಕಿರುತ್ತಾರೆ. ನೀರು ತುಂಬುತ್ತಾ ಬಂದಂತೆ ಫ್ಲೋಟ್ ಮೇಲೇರುತ್ತದೆ, ಮೋಟರ್ ನಿಲ್ಲುತ್ತದೆ. ನೀರು ಇಳಿದರೆ ಮತ್ತೆ ಶುರುವಾಗುತ್ತದೆ. ಅಂದರೆ ನೀರೇ ಮೋಟರಿಗೆ ಸುದ್ದಿ ಮುಟ್ಟಿಸುತ್ತದೆ.

ಈಸ್ಟ್ರೋಜೆನ್ ತಿಂಗಳ ಬಹುಪಾಲು ದಿನ ಮಾಡುವುದು ಇದೇ ಕೆಲಸ. ಅಂಡಾಶಯದಿಂದ ಹೊರಟ ಈಸ್ಟ್ರೋಜೆನ್ ರಕ್ತದ ಮೂಲಕ ಮಿದುಳಿಗೆ ತಲುಪುತ್ತದೆ. "ಇಲ್ಲಿ ಸಾಕಷ್ಟಿದೆ" ಎಂಬ ಸುದ್ದಿ ಮುಟ್ಟಿದೊಡನೆ ಮಿದುಳು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಕಡಿಮೆ ಮಾಡುತ್ತದೆ. ಈಸ್ಟ್ರೋಜೆನ್ ಇಳಿದರೆ ಮಿದುಳು ಮತ್ತೆ ಅವುಗಳನ್ನು ಏರಿಸುತ್ತದೆ. ಇದಕ್ಕೆ ತಡೆಯುವ ಮರುಸಂದೇಶ, ಅಂದರೆ ನೆಗೆಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಇಲ್ಲಿ ನೆಗೆಟಿವ್ ಎಂದರೆ ಕೆಟ್ಟದ್ದು ಎಂದಲ್ಲ. ಹೆಚ್ಚಾದದ್ದನ್ನು ಕಡಿಮೆ ಮಾಡುವಂಥದ್ದು ಎಂದಷ್ಟೇ ಅರ್ಥ.

ಅಂಡಾಶಯದ ಹಾರ್ಮೋನುಗಳು ತಿರುಗಿ ಪಿಟ್ಯುಟರಿಯನ್ನೇ ಹಿಡಿತದಲ್ಲಿಡುತ್ತವೆ ಎಂಬ ವಿಚಾರವನ್ನು ಇಲಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ 1932ರಲ್ಲಿ ಮುಂದಿಟ್ಟವರು ಶಿಕಾಗೊ ವಿಶ್ವವಿದ್ಯಾಲಯದ ಕಾರ್ಲ್ ಮೂರ್ ಮತ್ತು ಡೊರೊಥಿ ಪ್ರೈಸ್. ಜಿಎನ್‌ಆರ್‌ಎಚ್‌ನ ರಚನೆ ಗೊತ್ತಾಗಿದ್ದು 1971ರಲ್ಲಿ. ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಮಿನ್ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಮಿದುಳಿನ ಇಂಥ ಹಾರ್ಮೋನುಗಳ ಶೋಧಕ್ಕಾಗಿ.

ನಂತರ ಅಮೆರಿಕದ ಅರ್ನ್ಸ್ಟ್ ನೋಬಿಲ್ ಅವರ ತಂಡ ಕೋತಿಗಳಲ್ಲಿ ಇನ್ನೊಂದು ಸಂಗತಿ ತೋರಿಸಿತು. ಜಿಎನ್‌ಆರ್‌ಎಚ್ ಗಂಟೆಗೊಮ್ಮೆ ಬಡಿತದಂತೆ ಬಂದರೆ ಮಾತ್ರ ಪಿಟ್ಯುಟರಿ ಕೆಲಸ ಮಾಡುತ್ತದೆ. ಬಿಡುವಿಲ್ಲದೆ ಒಂದೇ ಸಮನೆ ಸುರಿದರೆ ಪಿಟ್ಯುಟರಿ ಕಿವಿ ಮುಚ್ಚಿಕೊಳ್ಳುತ್ತದೆ.

ಕರ್ನಾಟಕಕ್ಕೂ ಈ ಸಂಶೋಧನೆಯಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರ ತಂಡ ದಶಕಗಳ ಕಾಲ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಮೇಲೆ ಕೆಲಸ ಮಾಡಿತು. ಒಂದು ಹಾರ್ಮೋನನ್ನು ಮಾತ್ರ ಪ್ರತಿಕಾಯಗಳಿಂದ ನಿಷ್ಕ್ರಿಯಗೊಳಿಸಿ, ಆಗ ಏನು ನಿಲ್ಲುತ್ತದೆ ಎಂದು ನೋಡುವುದು ಅವರ ದಾರಿ. ಅದಕ್ಕೆ ಬಳಸಿದ ಪ್ರಾಣಿಗಳಲ್ಲಿ ನಮ್ಮೂರ ಗುಡಿಗಳ ಸುತ್ತ ಕಾಣುವ ಬಾನೆಟ್ ಮಂಗವೂ ಒಂದು.

ಒಂದೇ ಹಾರ್ಮೋನ್, ತಿಂಗಳಿಗೊಮ್ಮೆ ಉಲ್ಟಾ ಕೆಲಸ

ಇಲ್ಲಿಯವರೆಗೆ ಎಲ್ಲ ಸರಳ. ಆದರೆ ಈಸ್ಟ್ರೋಜೆನ್ ಯಾವಾಗಲೂ ತಡೆಯುವ ಕೆಲಸವನ್ನೇ ಮಾಡಿದ್ದರೆ ಅಂಡಾಣು ಹೊರಬರುತ್ತಲೇ ಇರಲಿಲ್ಲ, ನಾವ್ಯಾರೂ ಹುಟ್ಟುತ್ತಿರಲಿಲ್ಲ.

ಜಾತ್ರೆಯಲ್ಲಿ ಮೈಕ್ ಹಿಡಿದವರು ಸ್ಪೀಕರ್ ಎದುರಿಗೆ ಬಂದರೆ ಏನಾಗುತ್ತದೆ? ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮೈಕಿನಿಂದ ಮತ್ತೆ ಸ್ಪೀಕರಿಗೆ ಬಂದು, ಕ್ಷಣದಲ್ಲಿ ಕಿವಿ ಕಿತ್ತುಹೋಗುವಂತೆ ಕುಂಯ್ ಎನ್ನುತ್ತದೆ. ಸದ್ದು ಸದ್ದನ್ನೇ ಹೆಚ್ಚಿಸುತ್ತದೆ. ಇದು ಹೆಚ್ಚಿಸುವ ಮರುಸಂದೇಶ, ಪಾಸಿಟಿವ್ ಫೀಡ್‌ಬ್ಯಾಕ್.

ಮುಟ್ಟಿನ ಚಕ್ರದ ಮಧ್ಯಭಾಗದಲ್ಲಿ ಮಿದುಳಿನಲ್ಲಿ ಇಂಥದ್ದೇ ನಡೆಯುತ್ತದೆ. ಬೆಳೆದು ದೊಡ್ಡದಾದ ಒಂದು ಫಾಲಿಕಲ್ ಧಾರಾಳವಾಗಿ ಈಸ್ಟ್ರೋಜೆನ್ ಬಿಡುತ್ತದೆ. ಎಸ್ಟ್ರಾಡಿಯಾಲ್ ಎಂಬ ಮುಖ್ಯ ಈಸ್ಟ್ರೋಜೆನ್ ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ ಸುಮಾರು 200 ಪಿಕೊಗ್ರಾಂ ದಾಟಿ, ಎರಡು ದಿನದಷ್ಟು ಕಾಲ ಹಾಗೇ ನಿಂತರೆ ಮಿದುಳು ಮತ್ತು ಪಿಟ್ಯುಟರಿಯ ಉತ್ತರ ಬದಲಾಗುತ್ತದೆ. "ಸಾಕು" ಎನ್ನುತ್ತಿದ್ದ ಸಂದೇಶವೇ ಈಗ "ಇನ್ನೂ ಬೇಕು" ಎಂದಾಗುತ್ತದೆ. ಎಲ್‌ಎಚ್ ಒಮ್ಮೆಲೇ ಉಕ್ಕಿ ಬರುತ್ತದೆ. ಅದು ಶುರುವಾದ ಸುಮಾರು 36 ಗಂಟೆಗಳಲ್ಲಿ ಫಾಲಿಕಲ್ ಒಡೆದು ಅಂಡಾಣು ಹೊರಬರುತ್ತದೆ. ಇದೇ ಅಂಡೋತ್ಪತ್ತಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಓವ್ಯುಲೇಷನ್ ಕಿಟ್ ಮೂತ್ರದಲ್ಲಿ ಹುಡುಕುವುದು ಈ ಎಲ್‌ಎಚ್ ಉಕ್ಕನ್ನೇ.

ಯಾಕೆ ಇಂಥ ಏರ್ಪಾಡು? ಅಂಡಾಣು ನಿಜಕ್ಕೂ ಪಕ್ವವಾಗಿದೆ ಎಂದು ಮಿದುಳಿಗೆ ಕಾಣುವುದಿಲ್ಲ. ಹೆಚ್ಚು ಈಸ್ಟ್ರೋಜೆನ್, ಅದೂ ಸತತವಾಗಿ ಬರುತ್ತಿದೆ ಎಂದರೆ ಫಾಲಿಕಲ್ ಬಲಿತಿದೆ ಎಂಬುದಕ್ಕೆ ಅದೇ ಸಾಕ್ಷಿ. ಆ ಸಾಕ್ಷಿ ಸಿಗುವವರೆಗೆ ಮಿದುಳು ಕಾಯುತ್ತದೆ.

ಅಂಡಾಣು ಹೋದ ಮೇಲೆ ಖಾಲಿಯಾದ ಫಾಲಿಕಲ್ ಪ್ರೊಜೆಸ್ಟೆರಾನ್ ತಯಾರಿಸುತ್ತದೆ. ಅದು ಮಿದುಳಿನ ಬಡಿತವನ್ನು ನಿಧಾನ ಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರದಲ್ಲಿ ಪ್ರೊಜೆಸ್ಟೆರಾನ್, ಈಸ್ಟ್ರೋಜೆನ್ ಎರಡೂ ಇಳಿದು ಮುಟ್ಟು ಬರುತ್ತದೆ, ಫ್ಲೋಟ್ ಇಳಿದು ಮೋಟರ್ ಮತ್ತೆ ಶುರು.

ಮಿದುಳಿನಲ್ಲಿ ಕೇಳಿಸಿಕೊಳ್ಳುವವರು ಯಾರು?

ವಿಜ್ಞಾನಿಗಳಿಗೆ ಬಹುಕಾಲ ಒಂದು ಒಗಟು ಕಾಡಿತ್ತು. ಜಿಎನ್‌ಆರ್‌ಎಚ್ ಬಿಡುವ ನರಕೋಶಗಳಲ್ಲಿ ಈ ಕೆಲಸಕ್ಕೆ ಬೇಕಾದ ಮುಖ್ಯ ಈಸ್ಟ್ರೋಜೆನ್ ಗ್ರಾಹಕವೇ ಇಲ್ಲ. ಕಿವಿಯಿಲ್ಲದವರಿಗೆ ಸುದ್ದಿ ಮುಟ್ಟುವುದು ಹೇಗೆ?

ಉತ್ತರ ಸಿಕ್ಕಿದ್ದು ಕಿಸ್‌ಪೆಪ್ಟಿನ್ ಎಂಬ ಪ್ರೋಟೀನಿನಲ್ಲಿ. ಇದರ ವಂಶವಾಹಿಯನ್ನು 1996ರಲ್ಲಿ ಕ್ಯಾನ್ಸರ್ ಸಂಶೋಧಕರು ಅಮೆರಿಕದ ಹರ್ಷಿ ಎಂಬ ಊರಿನಲ್ಲಿ ಪತ್ತೆ ಮಾಡಿದ್ದರು. ಆ ಊರು ಹರ್ಷೀಸ್ ಕಿಸ್ ಚಾಕೊಲೇಟಿಗೆ ಪ್ರಸಿದ್ಧ, ಹೆಸರು ಬಂದದ್ದು ಅಲ್ಲಿಂದ. 2003ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯ ಕಂಡುಕೊಂಡವು. ಕಿಸ್‌ಪೆಪ್ಟಿನ್ ಗ್ರಾಹಕ ಕೆಲಸ ಮಾಡದವರು ವಯಸ್ಸಿಗೆ ಬರುವುದೇ ಇಲ್ಲ. ಕಿಸ್‌ಪೆಪ್ಟಿನ್ ನರಕೋಶಗಳು ಈಸ್ಟ್ರೋಜೆನ್ ಸುದ್ದಿಯನ್ನು ಕೇಳಿಸಿಕೊಂಡು ಪಕ್ಕದ ಜಿಎನ್‌ಆರ್‌ಎಚ್ ನರಕೋಶಗಳಿಗೆ ದಾಟಿಸುತ್ತವೆ ಎಂಬುದು ಆಮೇಲೆ ಸ್ಪಷ್ಟವಾಯಿತು.

ಈ ವ್ಯವಸ್ಥೆ ಈಸ್ಟ್ರೋಜೆನ್ ಒಂದನ್ನೇ ಕೇಳುವುದಿಲ್ಲ. ಊಟ ಸಾಲದಿದ್ದರೆ, ತೂಕ ತೀರಾ ಇಳಿದರೆ, ವಿಪರೀತ ದುಡಿಮೆ ಅಥವಾ ಮಾನಸಿಕ ಒತ್ತಡ ಇದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಮಿದುಳು ಬಡಿತ ನಿಧಾನ ಮಾಡುತ್ತದೆ, ಮುಟ್ಟು ಮುಂದೆ ಹೋಗುತ್ತದೆ ಅಥವಾ ನಿಲ್ಲುತ್ತದೆ. ಆಗ ಗರ್ಭಕೋಶದಲ್ಲಿ ಯಾವ ದೋಷವೂ ಇರುವುದಿಲ್ಲ.

ಹೆಚ್ಚು ರಕ್ತ ಹೋಗುವುದು ಯಾವಾಗಲೂ ಗರ್ಭಕೋಶದ ರೋಗವಲ್ಲ

ಈಗ ರಾಣೆಬೆನ್ನೂರಿನ ಪ್ರಶ್ನೆಗೆ ಬರೋಣ. ಅಸಹಜ ರಕ್ತಸ್ರಾವಕ್ಕೆ ಇರುವ ಕಾರಣಗಳನ್ನು ವೈದ್ಯರು ಒಂಬತ್ತು ಗುಂಪುಗಳಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ ನಾಲ್ಕು ಸ್ಕ್ಯಾನಿಂಗ್ ಅಥವಾ ಬಯಾಪ್ಸಿಯಲ್ಲಿ ಕಾಣುವಂಥವು: ಪಾಲಿಪ್, ಅಡೆನೊಮಯೋಸಿಸ್, ಫೈಬ್ರಾಯ್ಡ್ ಗಡ್ಡೆ, ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆ. ಉಳಿದ ಐದು ಗುಂಪುಗಳಲ್ಲಿ ಗರ್ಭಕೋಶದ ಆಕಾರದಲ್ಲಿ ಏನೂ ತಪ್ಪು ಕಾಣುವುದಿಲ್ಲ. ಅದರಲ್ಲಿ ಮುಖ್ಯವಾದದ್ದು ಅಂಡೋತ್ಪತ್ತಿಯ ಏರುಪೇರು.

ಅದು ಹೇಗೆ ರಕ್ತಸ್ರಾವ ತರುತ್ತದೆ? ಎಲ್‌ಎಚ್ ಉಕ್ಕದಿದ್ದರೆ ಅಂಡಾಣು ಹೊರಬರುವುದಿಲ್ಲ. ಅಂಡಾಣು ಹೊರಬರದಿದ್ದರೆ ಪ್ರೊಜೆಸ್ಟೆರಾನ್ ತಯಾರಾಗುವುದಿಲ್ಲ. ಈಸ್ಟ್ರೋಜೆನ್ ಮಾತ್ರ ಒಳಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ, ಹದ ಮಾಡುವವರು ಯಾರೂ ಇಲ್ಲ. ಎರಡು ಮೂರು ತಿಂಗಳು ಮುಟ್ಟು ಬಾರದೆ, ಆಮೇಲೆ ಪದರ ಅಲ್ಲಲ್ಲಿ ಕಿತ್ತು ಹತ್ತು ಹದಿನೈದು ದಿನ ರಕ್ತ ಹೋಗಬಹುದು.

ಇದು ಸಾಮಾನ್ಯವಾಗಿ ಎರಡು ವಯಸ್ಸಿನಲ್ಲಿ ಕಾಣುತ್ತದೆ. ಒಂದು, ಹುಡುಗಿ ದೊಡ್ಡವಳಾದ ಮೊದಲ ಒಂದೆರಡು ವರ್ಷ. ಆಗ ಮಿದುಳಿನ ಪಾಸಿಟಿವ್ ಫೀಡ್‌ಬ್ಯಾಕ್ ಇನ್ನೂ ಪಳಗಿರುವುದಿಲ್ಲ. ಎರಡು, 40 ದಾಟಿ ಮುಟ್ಟು ನಿಲ್ಲುವ ಮೊದಲಿನ ಕೆಲವು ವರ್ಷ. ಆಗ ಅಂಡಾಶಯದಲ್ಲಿ ಫಾಲಿಕಲ್‌ಗಳು ಕಡಿಮೆಯಾಗಿ ವರದಿ ಸರಿಯಾಗಿ ಹೋಗುವುದಿಲ್ಲ. ಪಿಸಿಒಎಸ್, ಥೈರಾಯ್ಡ್ ಇದ್ದವರಲ್ಲೂ ಹೀಗಾಗುತ್ತದೆ.

ಇವರಿಗೆಲ್ಲ ಮೊದಲ ಚಿಕಿತ್ಸೆ ಕತ್ತರಿಯಲ್ಲ. ಕೊರತೆಯಾದ ಪ್ರೊಜೆಸ್ಟೆರಾನ್ ಕೊಡುವ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಥೈರಾಯ್ಡ್ ಇದ್ದರೆ ಅದಕ್ಕೆ ಔಷಧ, ಜೊತೆಗೆ ಕಬ್ಬಿಣಾಂಶ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ಸಮೀಕ್ಷೆ ಹೇಳುತ್ತದೆ. ಹಾಗಾಗಿ ಹೆಚ್ಚು ರಕ್ತ ಹೋಗುವುದನ್ನು "ಹೆಂಗಸರಿಗೆ ಇದ್ದದ್ದೇ" ಎಂದು ಬಿಡುವುದೂ ತಪ್ಪು.

ಬಿಳಿಮುಟ್ಟು ಕೂಡ ಗರ್ಭಕೋಶ ತೆಗೆಯಲು ಕಾರಣವಲ್ಲ. ವಾಸನೆ, ತುರಿಕೆ ಇದ್ದರೆ ಅದು ಸೋಂಕಿರಬಹುದು. ಸೋಂಕಿಗೆ ಔಷಧವಿದೆ.

ಗರ್ಭಕೋಶ ಬೇರೆ, ಅಂಡಾಶಯ ಬೇರೆ

"ಚೀಲ ತೆಗೆಸಿದೆ" ಎಂದು ಹೇಳುವ ಎಷ್ಟೋ ಮಹಿಳೆಯರಿಗೆ ಅಂಡಾಶಯವನ್ನೂ ತೆಗೆದಿದ್ದಾರೋ ಇಲ್ಲವೋ ಎಂಬುದು ಗೊತ್ತಿರುವುದಿಲ್ಲ. ದೇಹದ ಮಟ್ಟಿಗೆ ಇವೆರಡರ ನಡುವೆ ಅಜಗಜಾಂತರ.

ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಮತ್ತೆ ಗರ್ಭ ಧರಿಸಲಾಗದು. ಆದರೆ ಅಂಡಾಶಯ ಈಸ್ಟ್ರೋಜೆನ್ ತಯಾರಿಸುತ್ತಲೇ ಇರುತ್ತದೆ, ಮಿದುಳು ಕೇಳುತ್ತಲೇ ಇರುತ್ತದೆ. ಹಾರ್ಮೋನಿನ ಚಕ್ರ ಒಳಗೊಳಗೇ ನಡೆಯುತ್ತದೆ. ಆದರೂ ಅಂಡಾಶಯದ ಕೆಲಸ ಸಹಜಕ್ಕಿಂತ ಸ್ವಲ್ಪ ಮೊದಲೇ ನಿಲ್ಲುವ ಸಾಧ್ಯತೆ ಹೆಚ್ಚು.

ಎರಡೂ ಅಂಡಾಶಯ ತೆಗೆದರೆ ಮಿದುಳಿಗೆ ಬರುತ್ತಿದ್ದ ವರದಿ ರಾತ್ರೋರಾತ್ರಿ ನಿಲ್ಲುತ್ತದೆ. ಟ್ಯಾಂಕಿನಲ್ಲಿ ನೀರಿಲ್ಲ, ಫ್ಲೋಟ್ ತಳದಲ್ಲಿದೆ. ಮೋಟರ್ ಓಡುತ್ತಲೇ ಇರುತ್ತದೆ, ಬಾವಿಯೇ ಇಲ್ಲ. ಎಫ್‌ಎಸ್‌ಎಚ್ ಹತ್ತು ಪಟ್ಟಿಗೂ ಮೀರಿ ಏರಬಹುದು. ಭಾರತದಲ್ಲಿ ಮುಟ್ಟು ಸಹಜವಾಗಿ ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಆಗ ಈಸ್ಟ್ರೋಜೆನ್ ಕೆಲವು ವರ್ಷಗಳಲ್ಲಿ ನಿಧಾನವಾಗಿ ಇಳಿಯುತ್ತದೆ. 32ರ ಮಹಿಳೆಯ ಅಂಡಾಶಯ ತೆಗೆದರೆ ಅದೇ ಇಳಿತ ಕೆಲವೇ ದಿನಗಳಲ್ಲಿ ಆಗುತ್ತದೆ. ಮುಂದೆ ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಹಾಗಾಗಿಯೇ ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ತೆಗೆಯಬೇಕಾಗಿ ಬಂದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹೊರಗಿನಿಂದ ಈಸ್ಟ್ರೋಜೆನ್ ಕೊಡುವ ಬಗ್ಗೆ ವೈದ್ಯರು ಯೋಚಿಸುತ್ತಾರೆ.

ಮೈಯೆಲ್ಲ ಬಿಸಿ: ಮೆಣಸಿನಕಾಯಿಯೋ, ಮಿದುಳೋ?

ಈಸ್ಟ್ರೋಜೆನ್ ಇಳಿದಾಗ ಬಹಳ ಮಹಿಳೆಯರಿಗೆ ಇದ್ದಕ್ಕಿದ್ದಂತೆ ಎದೆ, ಕುತ್ತಿಗೆ, ಮುಖ ಧಗಧಗ ಎನ್ನುತ್ತದೆ, ಬೆವರು ಕಿತ್ತುಬರುತ್ತದೆ. ಕೆಲವು ನಿಮಿಷದಲ್ಲಿ ತಣ್ಣಗಾಗುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಮಹಿಳೆಗೆ ಹೀಗಾದರೆ ಖಾರದ ಘಾಟು, ಬಿಸಿಲು ಎಂದುಕೊಳ್ಳುವುದು ಸಹಜ. ಮನೆಯಲ್ಲಾದರೆ "ಉಷ್ಣ" ಎನ್ನುತ್ತಾರೆ.

ಮೆಣಸಿನಕಾಯಿ ಇಲ್ಲಿ ಒಂದು ಒಳ್ಳೆಯ ಉದಾಹರಣೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಪ್ರಸಿದ್ಧ, ಖಾರ ಕಡಿಮೆ. ಖಾರ ಎಂದರೆ ಬಿಸಿಯಲ್ಲ. ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರಗಳ ಬಾಗಿಲನ್ನೇ ಕ್ಯಾಪ್ಸೈಸಿನ್ ತೆರೆಯುತ್ತದೆ, ನಾಲಿಗೆ ಸುಟ್ಟಿತೆಂದು ಮಿದುಳು ನಂಬುತ್ತದೆ. ಆ ಬಾಗಿಲನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಮುಟ್ಟು ನಿಂತವರ ಮೈಬಿಸಿಯಲ್ಲೂ ಮಿದುಳು ತಪ್ಪು ತಿಳಿಯುತ್ತದೆ, ಆದರೆ ದಾರಿ ಬೇರೆ. ಕಿಸ್‌ಪೆಪ್ಟಿನ್ ನರಕೋಶಗಳು ನ್ಯೂರೊಕೈನಿನ್ ಬಿ ಎಂಬ ಇನ್ನೊಂದು ಸಂದೇಶವಾಹಕವನ್ನೂ ತಯಾರಿಸುತ್ತವೆ. ಅವುಗಳನ್ನು ಹಿಡಿತದಲ್ಲಿಟ್ಟಿದ್ದು ಈಸ್ಟ್ರೋಜೆನ್. ಆ ಹಿಡಿತ ತಪ್ಪಿದಾಗ ಅವು ಊದಿಕೊಂಡು ಅತಿಯಾಗಿ ಕೆಲಸ ಮಾಡುತ್ತವೆ, ಪಕ್ಕದಲ್ಲೇ ಇರುವ ಮೈಬಿಸಿ ನಿಯಂತ್ರಣ ಕೇಂದ್ರವನ್ನು ಕೆಣಕುತ್ತವೆ. ಮೈ ಅಷ್ಟೇನೂ ಬಿಸಿಯಾಗದಿದ್ದರೂ ಮಿದುಳು "ತಣ್ಣಗೆ ಮಾಡು" ಎಂದು ಆದೇಶ ಕೊಡುತ್ತದೆ. ಈ ನ್ಯೂರೊಕೈನಿನ್ ದಾರಿಯನ್ನು ತಡೆಯುವ ಫೆಜೊಲಿನೆಟೆಂಟ್ ಎಂಬ ಔಷಧಕ್ಕೆ ಅಮೆರಿಕ 2023ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಿತು. ಅದು ಹಾರ್ಮೋನ್ ಅಲ್ಲ. ಯಕೃತ್ತಿನ ಮೇಲೆ ಅಡ್ಡಪರಿಣಾಮ ಸಾಧ್ಯವಾದ್ದರಿಂದ ವೈದ್ಯರ ನಿಗಾ ಬೇಕೇ ಬೇಕು.

ಅಂದರೆ "ಉಷ್ಣ" ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವ ತೊಂದರೆಯಲ್ಲ ಇದು. ಮಜ್ಜಿಗೆ ಕುಡಿಯಿರಿ, ಒಳ್ಳೆಯದೇ. ಆದರೆ 40ಕ್ಕಿಂತ ಮೊದಲೇ ಹೀಗಾಗುತ್ತಿದ್ದರೆ ವೈದ್ಯರ ಹತ್ತಿರ ಹೇಳಿ.

ಮಾತ್ರೆಗಳು ಮಿದುಳಿಗೆ ಏನು ಹೇಳುತ್ತವೆ?

ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಮಾತ್ರೆಯಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರಾನ್ ಮಾದರಿಯ ಹಾರ್ಮೋನುಗಳಿವೆ. ದಿನಾ ತೆಗೆದುಕೊಂಡರೆ ಮಿದುಳಿಗೆ "ಸಾಕಷ್ಟಿದೆ" ಎಂಬ ಸುದ್ದಿ ಹೋಗುತ್ತಲೇ ಇರುತ್ತದೆ. ಎಲ್‌ಎಚ್ ಉಕ್ಕುವುದಿಲ್ಲ, ಅಂಡಾಣು ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನ ದಾರಿಯೂ ಬಹುತೇಕ ಇದೇ. ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಛಾಯಾ ಮಾತ್ರೆ ಬೇರೆ ಥರದ್ದು, ಅದು ಮುಖ್ಯವಾಗಿ ಕೆಲಸ ಮಾಡುವುದು ಗರ್ಭಕೋಶದಲ್ಲಿ.

ಹಬ್ಬ, ಮದುವೆ, ಜಾತ್ರೆ ಎಂದು ಮುಟ್ಟು ಮುಂದೂಡಲು ನುಂಗುವ ಮಾತ್ರೆಯಲ್ಲಿ ಪ್ರೊಜೆಸ್ಟೆರಾನ್ ಮಾದರಿಯ ಹಾರ್ಮೋನ್ ಇರುತ್ತದೆ. ಅದು ಇರುವವರೆಗೆ ಒಳಪದರ ಕಳಚುವುದಿಲ್ಲ, ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಅಪರೂಪಕ್ಕೊಮ್ಮೆ ತೆಗೆದುಕೊಂಡರೆ "ಬಂಜೆಯಾಗುತ್ತಾರೆ" ಎಂಬುದು ಸುಳ್ಳು. ಆದರೆ ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ ಇದು ಅಪಾಯ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬೇಡಿ.

ಮಕ್ಕಳಾಗಲೆಂದು ಕೊಡುವ ಕ್ಲೊಮಿಫೀನ್ ಮಾತ್ರೆ ಇದಕ್ಕೆ ಉಲ್ಟಾ. ಅದು ಮಿದುಳಿನ ಈಸ್ಟ್ರೋಜೆನ್ ಗ್ರಾಹಕಗಳನ್ನು ಮುಚ್ಚುತ್ತದೆ. ಈಸ್ಟ್ರೋಜೆನ್ ಇಲ್ಲವೆಂದುಕೊಂಡ ಮಿದುಳು ಎಫ್‌ಎಸ್‌ಎಚ್ ಏರಿಸುತ್ತದೆ, ಫಾಲಿಕಲ್ ಬೆಳೆಯುತ್ತದೆ.

ಫಾರ್ವರ್ಡ್ ಏನು ಹೇಳುತ್ತದೆ, ವಾಸ್ತವ ಏನು?

ಫಾರ್ವರ್ಡ್: ಗರ್ಭಕೋಶ ತೆಗೆಸಿದರೆ ಹಾರ್ಮೋನ್ ಸಮಸ್ಯೆ ಮುಗಿಯುತ್ತದೆ.
ವಾಸ್ತವ: ತಪ್ಪು. ಹಾರ್ಮೋನ್ ಗರ್ಭಕೋಶದಲ್ಲಿ ಹುಟ್ಟುವುದಿಲ್ಲ. ಅಂಡಾಶಯವನ್ನೂ ತೆಗೆದರೆ ಹೊಸ ಸಮಸ್ಯೆಗಳು ಶುರುವಾಗುತ್ತವೆ.

ಫಾರ್ವರ್ಡ್: ಮಕ್ಕಳಾದ ಮೇಲೆ ಇಟ್ಟುಕೊಂಡರೆ ಕ್ಯಾನ್ಸರ್.
ವಾಸ್ತವ: ತಪ್ಪು. ಕ್ಯಾನ್ಸರ್ ಭಯಕ್ಕೆ ಆರೋಗ್ಯವಂತ ಗರ್ಭಕೋಶ ತೆಗೆಯುವ ಪದ್ಧತಿ ಇಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯಲು ಎಚ್‌ಪಿವಿ ಲಸಿಕೆ ಮತ್ತು ತಪಾಸಣೆ ಇದೆ. ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ತಡಮಾಡದೆ ತೋರಿಸಿ.

ಫಾರ್ವರ್ಡ್: ಮಕ್ಕಳಾಗದ ಆಪರೇಷನ್ ಹಾರ್ಮೋನ್ ಕೆಡಿಸುತ್ತದೆ.
ವಾಸ್ತವ: ತಪ್ಪು. ಟ್ಯುಬೆಕ್ಟಮಿಯಲ್ಲಿ ಮುಚ್ಚುವುದು ಅಂಡಾಣು ಸಾಗುವ ನಾಳವನ್ನು. ಹಾರ್ಮೋನ್ ಸಾಗುವುದು ರಕ್ತದಲ್ಲಿ. ವರದಿ ಎಂದಿನಂತೆ ಮಿದುಳಿಗೆ ಹೋಗುತ್ತದೆ.

ಫಾರ್ವರ್ಡ್: ಪಪ್ಪಾಯಿ, ಎಳ್ಳು, ಬೆಲ್ಲ ತಿಂದರೆ ಹಾರ್ಮೋನ್ ಸರಿಯಾಗಿ ಮುಟ್ಟು ಬರುತ್ತದೆ.
ವಾಸ್ತವ: ಇವು ಒಳ್ಳೆಯ ಆಹಾರ. ಆದರೆ ಇವುಗಳಿಂದ ಎಲ್‌ಎಚ್ ಉಕ್ಕುತ್ತದೆ ಎನ್ನಲು ಆಧಾರವಿಲ್ಲ. ಮೂರು ತಿಂಗಳು ಮುಟ್ಟು ಬಾರದಿದ್ದರೆ ಪರೀಕ್ಷೆ ಮಾಡಿಸಬೇಕು.

ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

"ಗರ್ಭಕೋಶ ತೆಗೆಯಬೇಕು" ಎಂದು ಯಾರಾದರೂ ಹೇಳಿದರೆ ಇಷ್ಟನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

1. ನನಗಿರುವ ಕಾಯಿಲೆಯ ಹೆಸರೇನು? ಸ್ಕ್ಯಾನಿಂಗ್ ಅಥವಾ ಬಯಾಪ್ಸಿಯಲ್ಲಿ ಏನು ಕಂಡಿದೆ? ಬರೆದು ಕೊಡಿ.
2. ಮಾತ್ರೆ ಅಥವಾ ಹಾರ್ಮೋನ್ ಸಾಧನದಿಂದ ವಾಸಿಯಾಗುವುದಿಲ್ಲವೇ? ಪ್ರಯತ್ನಿಸಿ ನೋಡಲು ಸಮಯವಿದೆಯೇ?
3. ಗರ್ಭಕೋಶ ಮಾತ್ರವೋ, ಅಂಡಾಶಯವನ್ನೂ ತೆಗೆಯುತ್ತೀರೋ? ತೆಗೆಯುವುದಾದರೆ ಯಾಕೆ?
4. ಅಂಡಾಶಯ ತೆಗೆದರೆ ಮೂಳೆ, ಹೃದಯದ ರಕ್ಷಣೆಗೆ ಮುಂದೆ ಏನು ಚಿಕಿತ್ಸೆ?
5. ಏನೇನು ತೆಗೆದಿರಿ ಎಂದು ಬರೆದಿರುವ ಡಿಸ್ಚಾರ್ಜ್ ಸಮರಿ ಮತ್ತು ಬಯಾಪ್ಸಿ ವರದಿಯ ಪ್ರತಿ ಕೊಡುತ್ತೀರಾ?

ತುರ್ತಿಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಓದಲು ಬಾರದವರು ಆಶಾ ಕಾರ್ಯಕರ್ತೆಯನ್ನೋ ಓದಿದ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋಗುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಮಾತ್ರ ಪ್ರಶ್ನೆಗಳಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಈಗಾಗಲೇ ಆಪರೇಷನ್ ಆಗಿರುವವರು ಹಳೆಯ ಡಿಸ್ಚಾರ್ಜ್ ಕಾಗದ ಹುಡುಕಿ, ಅಂಡಾಶಯ ಇದೆಯೋ ಇಲ್ಲವೋ ಎಂದು ವೈದ್ಯರಿಂದ ತಿಳಿದುಕೊಳ್ಳಿ. ಇಲ್ಲವೆಂದಾದರೆ ಸೊಂಟನೋವು, ಮೈಬಿಸಿ, ನಿದ್ದೆಗೇಡು ಸೋಮಾರಿತನದ ನೆಪಗಳಲ್ಲ. ಈಸ್ಟ್ರೋಜೆನ್ ವರದಿ ನಿಂತುಹೋದುದರ ಪರಿಣಾಮ ಆಗಿರಬಹುದು, ಅದಕ್ಕೆ ಚಿಕಿತ್ಸೆಯೂ ಇದೆ.

ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ಐದು ಪ್ರಶ್ನೆಗಳನ್ನು ಮಾಡಿ.